ಊರಿಂದೂರಿಗೆ ಮಾತುಕತೆ: ನೀನಾಸಂ ಚಿತ್ರಸಮಾಜದ ಐವತ್ತು ವರ್ಷ

ನೀನಾಸಂ ಚಿತ್ರಸಮಾಜ ಹುಟ್ಟಿದ್ದು 1973ರಲ್ಲಿ, ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. ಆ ಕಾಲಕ್ಕೆ ಭಾರತದಲ್ಲಿ ಫಿಲ್ಮ್ ಸೊಸೈಟಿ ಎಂದರೆ ಪೇಟೆಯ ಸಂಗತಿ. ಕಲ್ಕತ್ತ, ಮುಂಬಯಿ, ಮದರಾಸು, ಬೆಂಗಳೂರುಗಳಲ್ಲಿ ಇಂಗ್ಲಿಷ್ ಬಲ್ಲ ಸದಸ್ಯರು ಒಂದೆಡೆ ಸೇರಿ ಪರದೇಶದ ಚಿತ್ರಗಳನ್ನು ನೋಡುತ್ತಿದ್ದರು, ನೋಡಿದ ಮೇಲೆ ನಡೆಯುವ ಚರ್ಚೆಯೂ ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತಿತ್ತು. ಬೆಂಗಳೂರಿನಿಂದ ಸುಮಾರು 350 ಕಿಲೊಮೀಟರ್ ದೂರದ, ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿ ಅದೇ ಕೆಲಸವನ್ನು ಕನ್ನಡದಲ್ಲಿ ಮಾಡಲು ಹೊರಟಿತು. ಅಲ್ಲಿ ಮೊದಲಿನಿಂದಲೂ ಒಂದು ತಿಳಿವಳಿಕೆ ಬಲವಾಗಿತ್ತು: ಸಿನಿಮಾ ನೋಡುವುದು ಅರ್ಧ ಕೆಲಸ, ನೋಡಿದ್ದರ ಬಗ್ಗೆ ಅಕ್ಕಪಕ್ಕದವರೊಂದಿಗೆ ಮಾತಾಡುವುದು ಉಳಿದರ್ಧ. ಕಲಾವಿದರು, ನಿರ್ದೇಶಕರು, ವಿಮರ್ಶಕರು ಊರಿನವರ ಎದುರಿಗೆ ಕೂತು ಮಾತಾಡಬೇಕು. ಜನ ಬರಲಾಗದಿದ್ದರೆ ಚಿತ್ರವೂ ನಾಟಕವೂ ಮಾತೂ ಜನರಿದ್ದಲ್ಲಿಗೆ ಹೋಗಬೇಕು. ಚಿತ್ರಸಮಾಜದ ಐವತ್ತು ವರ್ಷಗಳ ಚರಿತ್ರೆ ಬಹುಮಟ್ಟಿಗೆ ಈ ಎರಡು ಕೆಲಸಗಳ ಚರಿತ್ರೆ.

1949–1972: ನೆಲ ಹದಗೊಂಡ ಬಗೆ

ಚಿತ್ರಸಮಾಜದ ಮಾತೃಸಂಸ್ಥೆ ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ಈ ಉದ್ದದ ಹೆಸರಿನ ಮೊದಲಕ್ಷರಗಳು ಸೇರಿ ‘ನೀನಾಸಂ’ ಆದದ್ದು. ಊರ ದೇವರು ನೀಲಕಂಠೇಶ್ವರನ ಹೆಸರಿನಲ್ಲಿ 1949ರಲ್ಲಿ ಸಂಘ ಕಟ್ಟಿಕೊಂಡವರು ಹವ್ಯಾಸಕ್ಕೆ ನಾಟಕವಾಡುತ್ತಿದ್ದ ತೋಟಿಗರು ಮತ್ತು ಅವರ ಸ್ನೇಹಿತರು. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ಸಂಘ, ವಾಚನಾಲಯ, ಸಹಕಾರ ಸೊಸೈಟಿಗಳನ್ನು ಕಟ್ಟುವ ಹುರುಪು ಮಲೆನಾಡಿನ ಹಳ್ಳಿಹಳ್ಳಿಯಲ್ಲೂ ಕಾಣುತ್ತಿದ್ದ ಕಾಲ ಅದು. ಹಾಗೆ ಹುಟ್ಟಿದ ಸಂಘಗಳಲ್ಲಿ ಹೆಚ್ಚಿನವು ನಾಲ್ಕಾರು ವರ್ಷಗಳಲ್ಲಿ ಮರೆಯಾದವು. ಹೆಗ್ಗೋಡಿನದು ಉಳಿದು ಬೆಳೆದದ್ದಕ್ಕೆ ಕೆ.ವಿ. ಸುಬ್ಬಣ್ಣ ಮುಖ್ಯ ಕಾರಣ. ಆದರೆ ಅವರೊಬ್ಬರೇ ಕಾರಣ ಎಂದರೆ ಊರಿಗೆ ಅನ್ಯಾಯವಾಗುತ್ತದೆ.

ಸುಬ್ಬಣ್ಣ ಹುಟ್ಟಿದ್ದು 1932ರಲ್ಲಿ. ಸಂಘ ಶುರುವಾದಾಗ ಅವರಿಗೆ ಹದಿನೇಳು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ ಪದವಿ ಪಡೆದ ಮೇಲೆ ನೌಕರಿ ಹಿಡಿಯದೆ ಊರಿಗೆ ಮರಳಿ ತೋಟ ನೋಡಿಕೊಂಡರು, ಜೊತೆಗೆ ಸಂಘವನ್ನೂ ನೋಡಿಕೊಂಡರು. ಪುಸ್ತಕ ಪ್ರಕಟಣೆಗೆಂದು 1950ರ ದಶಕದ ಉತ್ತರಾರ್ಧದಲ್ಲಿ ಅವರು ಆರಂಭಿಸಿದ ಅಕ್ಷರ ಪ್ರಕಾಶನ ಕನ್ನಡ ನವ್ಯ ಸಾಹಿತ್ಯದ ಮುಖ್ಯ ಪ್ರಕಾಶನಗಳಲ್ಲಿ ಒಂದಾಯಿತು. 1960ರ ದಶಕದಲ್ಲಿ ಕವಿ ಗೋಪಾಲಕೃಷ್ಣ ಅಡಿಗರು ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದುದರಿಂದ ಸಾಗರವೇ ಒಂದು ಸಾಹಿತ್ಯ ಕೇಂದ್ರವಾಗಿ ಮಾರ್ಪಟ್ಟಿತ್ತು. ಹೆಗ್ಗೋಡು ಅಲ್ಲಿಂದ ಕೆಲವೇ ಮೈಲಿ.

ರಾಜಕೀಯವಾಗಿಯೂ ಇದು ಎಚ್ಚೆತ್ತ ನೆಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಗೇಣಿದಾರರ ಆ ಚಳವಳಿಗೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಶಾಂತವೇರಿ ಗೋಪಾಲಗೌಡರು ಅದರಲ್ಲಿ ತೊಡಗಿದ್ದರು. ಜನಭಾಷೆಯಲ್ಲೇ ದೊಡ್ಡ ವಿಚಾರಗಳ ಚರ್ಚೆ ನಡೆಯಬೇಕು ಎಂಬ ಲೋಹಿಯಾರ ಹಟ ಮಲೆನಾಡಿನ ಒಂದು ತಲೆಮಾರಿನ ಮೇಲೆ ಆಳವಾದ ಪರಿಣಾಮ ಬೀರಿತು. ಮುಂದೆ ಜಗತ್ತಿನ ಸಿನಿಮಾವನ್ನು ಕನ್ನಡದಲ್ಲಿ ಚರ್ಚಿಸುವ ಧೈರ್ಯ ಚಿತ್ರಸಮಾಜಕ್ಕೆ ಎಲ್ಲಿಂದ ಬಂತು ಎಂದು ಹುಡುಕುವವರು ಈ ಹಿನ್ನೆಲೆಯನ್ನು ಬಿಡುವಂತಿಲ್ಲ.

ಇನ್ನೊಂದು ಹಿನ್ನೆಲೆಯೂ ಇದೆ. ಅದನ್ನು ಚರಿತ್ರೆ ಬರೆಯುವವರು ಅಷ್ಟಾಗಿ ಗಮನಿಸಿಲ್ಲ. ಈ ಸೀಮೆಯಲ್ಲಿ ಯಕ್ಷಗಾನದಷ್ಟೇ ತಾಳಮದ್ದಳೆಗೂ ಮರ್ಯಾದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆಶುವಾಗಿ ವಾದಕ್ಕಿಳಿಯುತ್ತಾರೆ. ವಾಲಿ ಕೇಳಿದ ಪ್ರಶ್ನೆಗೆ ರಾಮ ಕೊಟ್ಟ ಉತ್ತರ ಸಾಲದೆಂದು ಅನ್ನಿಸಿದರೆ ಮಾರನೆಯ ದಿನ ಅಂಗಡಿ ಕಟ್ಟೆಯ ಮೇಲೆ ಅದೇ ಮಾತು. ರಾತ್ರಿಯಿಡೀ ಕೂತು ಒಂದು ವಾದವನ್ನು ಕೇಳುವ, ತೂಗುವ, ಒಪ್ಪದೇ ಇರುವ ಅಭ್ಯಾಸ ಇಲ್ಲಿನ ಅಕ್ಷರ ಬಲ್ಲವರಿಗೂ ಬಾರದವರಿಗೂ ಇತ್ತು. ಸಿನಿಮಾ ಚರ್ಚೆ ಹೊಸದಾಗಿರಬಹುದು, ಚರ್ಚೆ ಹೊಸದಲ್ಲ.

1972ರಲ್ಲಿ ಸಂಘಕ್ಕೆ ಸ್ವಂತ ರಂಗಮಂದಿರವಾಯಿತು. ಹಳ್ಳಿಯೊಂದರಲ್ಲಿ ಸರಿಯಾದ ವೇದಿಕೆ, ಬೆಳಕಿನ ವ್ಯವಸ್ಥೆ, ಕೂರುವ ಜಾಗವಿರುವ ಸಭಾಂಗಣ ಏಳುವುದು ಅಪರೂಪದ ಸಂಗತಿಯಾಗಿತ್ತು. ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. ಕಾರಂತರೆಂದರೆ ಜನಕ್ಕೆ ಕಾದಂಬರಿ ಮತ್ತು ಯಕ್ಷಗಾನ ನೆನಪಾಗುತ್ತದೆ. ಆದರೆ 1930ರ ಆಸುಪಾಸಿನಲ್ಲೇ ಅವರು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ತೆಗೆಯಲು ಹೋಗಿ ಕೈಸುಟ್ಟುಕೊಂಡವರು. ಸಿನಿಮಾದ ಮೋಹ, ಅದರ ಖರ್ಚು ಎರಡನ್ನೂ ಕಂಡ ಹಿರಿಯರೊಬ್ಬರ ಹೆಸರಿನ ಕಟ್ಟಡದಲ್ಲಿ ಮರುವರ್ಷವೇ ಚಿತ್ರಸಮಾಜ ಕೆಲಸ ಶುರುಮಾಡಿತು.

1973–1979: ಪರದೆ, ರೀಲು, ಪ್ರಶ್ನೆ

ಭಾರತದ ಫಿಲ್ಮ್ ಸೊಸೈಟಿ ಚಳವಳಿಗೆ ಆಗ ಕಾಲು ಶತಮಾನದ ವಯಸ್ಸು. ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಲ್ಕತ್ತ ಫಿಲ್ಮ್ ಸೊಸೈಟಿಯನ್ನು ಕಟ್ಟಿದ್ದು 1947ರಲ್ಲಿ. 1952ರ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇಟಲಿಯ ನಿರ್ದೇಶಕ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ ತೋರಿಸಿದಾಗ ಭಾರತದ ಚಿತ್ರಕರ್ಮಿಗಳಿಗೆ ಹೊಸದೊಂದು ದಾರಿ ಕಂಡಿತು. ಕೆಲಸಕ್ಕೆ ಸೈಕಲ್ಲೇ ಆಧಾರವಾಗಿದ್ದ ಒಬ್ಬ ಬಡವ ಆ ಸೈಕಲ್ಲನ್ನು ಕಳೆದುಕೊಂಡು ಮಗನ ಜೊತೆ ಊರೆಲ್ಲ ಹುಡುಕುವುದು, ಕಥೆ ಅಷ್ಟೇ. ಸ್ಟುಡಿಯೊ ಸೆಟ್ಟು, ತಾರೆಯರು ಇಲ್ಲದೆ ಬೀದಿಯಲ್ಲೇ ಚಿತ್ರ ತೆಗೆಯಬಹುದು ಎಂಬುದು ಅದರಿಂದ ತಿಳಿಯಿತು. 1959ರಲ್ಲಿ ಸೊಸೈಟಿಗಳ ಒಕ್ಕೂಟ ರೂಪುಗೊಂಡಿತು. 1960ರಲ್ಲಿ ಪುಣೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್, 1964ರಲ್ಲಿ ಅಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದವು. ಸಣ್ಣ ಊರಿನ ಸೊಸೈಟಿಗಳಿಗೂ ಒಳ್ಳೆಯ ಚಿತ್ರದ ಪ್ರತಿ ಸಿಗುವ ದಾರಿ ತೆರೆದದ್ದು ಸಂಗ್ರಹಾಲಯದಿಂದ.

ಕನ್ನಡದಲ್ಲೂ ಕಾಲ ಕೂಡಿಬಂದಿತ್ತು. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ 1970ರಲ್ಲಿ ಬಂತು. ಸೆನ್ಸಾರಿನ ತಡೆಯನ್ನು ದಾಟಿ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಆಮೇಲೆ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ ‘ವಂಶವೃಕ್ಷ’, ಕಾರ್ನಾಡರ ‘ಕಾಡು’, ಬಿ.ವಿ. ಕಾರಂತರ ‘ಚೋಮನ ದುಡಿ’, ಲಂಕೇಶರ ‘ಪಲ್ಲವಿ’, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಒಂದರ ಹಿಂದೊಂದು ಬಂದವು. ಇವುಗಳಲ್ಲಿ ಕೆಲವು ಮಲೆನಾಡಿನ ಬದುಕನ್ನೇ ಹೇಳುವಂಥವು, ಮಾಡಿದವರಲ್ಲಿ ಕೆಲವರು ಈ ಸೀಮೆಯವರು. ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನವರು, ಸುಬ್ಬಣ್ಣ ಅವರ ಸೋದರಮಾವ. ಓದು ಮತ್ತು ಅಭಿರುಚಿಯ ವಿಷಯದಲ್ಲಿ ಮಾವನಿಂದ ಪಡೆದ ಪ್ರೇರಣೆಯನ್ನು ಅವರು ಸ್ಮರಿಸಿಕೊಂಡಿದ್ದಾರೆ. ಆದರೂ ಈ ಚಿತ್ರಗಳು ಯಾರ ಬದುಕಿನಿಂದ ಹುಟ್ಟಿದ್ದವೋ ಅವರಿಗೆ ಅವನ್ನು ನೋಡುವ ಅವಕಾಶ ತೀರ ಕಡಿಮೆ. ತಾಲ್ಲೂಕು ಕೇಂದ್ರದ ಟಾಕೀಸಿನಲ್ಲಿ ಇಂಥ ಚಿತ್ರ ನಿಲ್ಲುತ್ತಿರಲಿಲ್ಲ. ಚಿತ್ರಸಮಾಜ ತುಂಬಿದ್ದು ಈ ಖಾಲಿ ಜಾಗವನ್ನು.

ಅಂದಿನ ಪ್ರದರ್ಶನಗಳು 16 ಎಂ.ಎಂ. ಪ್ರೊಜೆಕ್ಟರಿನವು. ಟಾಕೀಸಿನ 35 ಎಂ.ಎಂ. ಯಂತ್ರಕ್ಕೆ ಪ್ರತ್ಯೇಕ ಕೋಣೆ ಬೇಕು, ಪಳಗಿದ ಆಪರೇಟರ್ ಬೇಕು. 16 ಎಂ.ಎಂ. ಯಂತ್ರವನ್ನು ಒಬ್ಬರು ಎತ್ತಿ ಮೇಜಿನ ಮೇಲಿಡಬಹುದು. ಫಿಲ್ಮಿನ ತುದಿಯನ್ನು ಮೇಲಿನ ಹಲ್ಲುಗಾಲಿಗೆ ಸಿಕ್ಕಿಸಿ, ಗೇಟಿನ ಮೇಲೂ ಕೆಳಗೂ ಸಡಿಲವಾದ ಒಂದೊಂದು ಸುತ್ತು ಬಿಟ್ಟು, ಧ್ವನಿಯ ಉರುಳೆ ದಾಟಿಸಿ, ಕೆಳಗಿನ ಖಾಲಿ ಸ್ಪೂಲಿಗೆ ಸುತ್ತಬೇಕು. ಆ ಸಡಿಲ ಸುತ್ತು ಬಿಗಿಯಾಯಿತೆಂದರೆ ಪರದೆಯ ಮೇಲೆ ಚಿತ್ರ ನಡುಗುತ್ತದೆ, ಅಂಚಿನ ತೂತು ಹರಿಯುತ್ತದೆ. ಹರಿದಲ್ಲಿ ಕತ್ತರಿಸಿ ಅಂಟಿಸುವುದನ್ನೂ ಕಲಿತಿರಬೇಕು. 1600 ಅಡಿಯ ಒಂದು ರೀಲು ಓಡುವುದು ಮುಕ್ಕಾಲು ಗಂಟೆಯಷ್ಟು, ಹಾಗಾಗಿ ಎರಡು ಗಂಟೆಯ ಚಿತ್ರಕ್ಕೆ ಮೂರು ರೀಲು. ಯಂತ್ರ ಒಂದೇ ಇದ್ದಲ್ಲಿ ರೀಲು ಬದಲಿಸುವಾಗ ದೀಪ ಹಾಕಲೇಬೇಕು. ಪೇಟೆಯ ಪ್ರೇಕ್ಷಕರಿಗೆ ಅಡ್ಡಿಯೆನಿಸುವ ಈ ಬಿಡುವು ಮಾತಿಗೆ ಹೇಳಿ ಮಾಡಿಸಿದಂತಿತ್ತು. ಇದುವರೆಗೆ ಏನಾಯಿತು, ಆ ಮುದುಕಿ ಯಾರು, ಮುಂದೇನಾದೀತು ಎಂಬ ವಿಚಾರಣೆ ಸಭೆಯಲ್ಲೇ ಶುರುವಾಗುತ್ತಿತ್ತು.

ಭಾಷೆಯ ತೊಡಕು ದೊಡ್ಡದು. ಬಂಗಾಳಿ, ಜಪಾನಿ, ಇಟಾಲಿಯನ್ ಚಿತ್ರಗಳಿಗೆ ಇರುತ್ತಿದ್ದುದು ಇಂಗ್ಲಿಷ್ ಅಡಿಬರಹ, ಅದು ಊರಿನ ಬಹುಪಾಲು ಮಂದಿಗೆ ಇದ್ದೂ ಇಲ್ಲದಂತೆ. ಚಿತ್ರಕ್ಕೆ ಮೊದಲು ಕನ್ನಡದಲ್ಲಿ ಪರಿಚಯ ಹೇಳುವ ಕ್ರಮ ಇದಕ್ಕೆ ಪರಿಹಾರವಾಯಿತು. ಕಥೆಯನ್ನು ಮೊದಲೇ ಹೇಳಿಬಿಟ್ಟರೆ ಸ್ವಾರಸ್ಯ ಹೋಗುವುದಿಲ್ಲವೇ ಎಂಬ ಆಕ್ಷೇಪ ಪೇಟೆಯವರದು. ರಾಮಾಯಣದ ಕಥೆ ಗೊತ್ತಿದ್ದೇ ತಾಳಮದ್ದಳೆಗೆ ಹೋಗುವ ಊರಿನಲ್ಲಿ ಆ ಆಕ್ಷೇಪಕ್ಕೆ ಬೆಲೆಯಿಲ್ಲ. ಕಥೆ ಗೊತ್ತಾದ ಮೇಲೆ ಹೇಳಿದ ಬಗೆಯತ್ತ ಗಮನ ತಾನಾಗಿ ಹೋಗುತ್ತದೆ. ಸಿನಿಮಾ ಕಲಿಸುವವರು ವಿದ್ಯಾರ್ಥಿಗಳಿಂದ ಬಯಸುವುದೂ ಅದನ್ನೇ.

1970ರ ದಶಕ ಮುಗಿಯುವ ಹೊತ್ತಿಗೆ ಬಿಡಿ ಪ್ರದರ್ಶನಗಳು ಸಾಲವು ಎಂಬ ಅನಿಸಿಕೆ ಬಲಿಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರ ರಸಗ್ರಹಣ ಕಲಿಸುತ್ತಿದ್ದ ಪ್ರೊ. ಸತೀಶ್ ಬಹಾದೂರ್ ಅವರ ನೆರವಿನಿಂದ ಹೆಗ್ಗೋಡಿನಲ್ಲಿ ರಸಗ್ರಹಣ ಶಿಬಿರಗಳು ಆರಂಭವಾದವು. ಹತ್ತು ದಿನದಷ್ಟು ಉದ್ದದ ಈ ಶಿಬಿರಗಳಿಗೆ ಶಾಲಾ ಮಾಸ್ತರರು, ಕಾಲೇಜು ವಿದ್ಯಾರ್ಥಿಗಳು, ರೈತರು, ಬ್ಯಾಂಕು ಮತ್ತು ಅಂಚೆ ಕಚೇರಿಯ ನೌಕರರು ರಾಜ್ಯದ ನಾನಾ ಕಡೆಯಿಂದ ಬಂದು ಸೇರಿದರು. ಬಹಾದೂರ್ ಅವರ ಪಾಠಕ್ಕೆ ರಾಯ್ ಅವರ ‘ಪಥೇರ್ ಪಾಂಚಾಲಿ’ ಬೆನ್ನೆಲುಬಿನಂತಿತ್ತು. ಅದರ ಒಂದು ಭಾಗವನ್ನು ತೋರಿಸುವುದು, ನಿಲ್ಲಿಸುವುದು, ಮತ್ತೆ ಅದೇ ಭಾಗವನ್ನು ಓಡಿಸುವುದು, ಈ ಸಲ ಏನು ಕಂಡಿತು ಎಂದು ಕೇಳುವುದು. ಅಪು ಮತ್ತು ದುರ್ಗಾ ಬಯಲಿನಲ್ಲಿ ರೈಲು ನೋಡುವ ಭಾಗದಲ್ಲಿ ಮೊದಲ ಸಲ ಮಕ್ಕಳ ಖುಷಿ ಕಂಡರೆ, ಎರಡನೆಯ ಸಲ ರೈಲಿಗಿಂತ ಮೊದಲು ಬರುವ ಸದ್ದು, ಗಾಳಿಗೆ ಬಾಗುವ ಹುಲ್ಲಿನ ಬಿಳಿ ತೆನೆ, ಕರಿ ಹೊಗೆ ಕಾಣಿಸುತ್ತವೆ. ಬೇಸಾಯದವರ ಕಣ್ಣು ಇಂಥ ವಿವರಗಳನ್ನು ಬೇಗ ಹಿಡಿಯುತ್ತದೆ. ಮಳೆಗೆ ಮುಂಚಿನ ಕೆರೆಯ ನೀರು ಹೇಗಿರುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿಲ್ಲ.

ರಸಗ್ರಹಣಕ್ಕೆ ಬೇಕಾದ ಪರಿಭಾಷೆಯನ್ನು ಕನ್ನಡದಲ್ಲಿ ರೂಢಿಗೆ ತರುವ ಕೆಲಸವೂ ಜೊತೆಗೇ ನಡೆಯಿತು. ಶಾಟು, ಕಟ್ಟು, ಕ್ಲೋಸಪ್ಪುಗಳಂಥ ಪದಗಳನ್ನು ಹಾಗೆಯೇ ಬಳಸಿಕೊಂಡು, ಬೇಕಾದಲ್ಲಿ ಕನ್ನಡದ ಮಾತನ್ನು ಸೇರಿಸಿಕೊಂಡು ಹೋದದ್ದರಿಂದ ಪಾಠ ಎಲ್ಲಿಯೂ ಪಾಂಡಿತ್ಯದ ಭಾರಕ್ಕೆ ಕುಸಿಯಲಿಲ್ಲ. ರಂಗಭೂಮಿ ಮತ್ತು ಸಿನಿಮಾ ಕುರಿತ ಬರಹಗಳು ಅಕ್ಷರ ಪ್ರಕಾಶನದ ಮೂಲಕ ಹೊರಬಂದವು. ಐವತ್ತು ವರ್ಷಗಳ ಸಾಧನೆಗಳಲ್ಲಿ ಇದು ಕಣ್ಣಿಗೆ ಕಾಣದ್ದು, ಆದರೆ ಬಹುಶಃ ಹೆಚ್ಚು ಕಾಲ ಉಳಿಯುವಂಥದ್ದು.

1980–1985: ಚಕ್ರದ ಮೇಲೆ

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು ಬಂದ ಚಿದಂಬರರಾವ್ ಜಂಬೆ ಅದರ ಮೊದಲ ಪ್ರಾಂಶುಪಾಲರು. ನಟನೆ, ಬೆಳಕು, ರಂಗಸಜ್ಜಿಕೆ, ಪ್ರಸಾಧನ ಎಲ್ಲವನ್ನೂ ಕನ್ನಡದಲ್ಲಿ ಕಲಿಸುವ ಪೂರ್ಣಾವಧಿ ಶಾಲೆಯೊಂದು ಹಳ್ಳಿಯಲ್ಲಿ ನೆಲೆಯೂರಿದ್ದು ಸಣ್ಣ ಸಂಗತಿಯಲ್ಲ. ಸಿನಿಮಾವೂ ವಿದ್ಯಾರ್ಥಿಗಳ ನಿತ್ಯದ ಓದಿನ ಭಾಗವಾಯಿತು. ನಾಟಕದ ಸಂಸ್ಥೆಯಲ್ಲಿ ಚಿತ್ರಸಮಾಜಕ್ಕೆ ಎಷ್ಟು ಜಾಗ, ಎಷ್ಟು ಹಣ ಎಂಬ ಪ್ರಶ್ನೆ ಇಂಥ ಹೊತ್ತಿನಲ್ಲಿ ಏಳುವುದು ಸಹಜ. ಎರಡೂ ಒಂದೇ ಸೂರಿನಡಿ ಬೆಳೆಯಲಿ ಎಂಬ ಒಮ್ಮತದಲ್ಲಿ ಕೆಲಸ ಸಾಗಿತು. ಚಿತ್ರದ ಪ್ರೇಕ್ಷಕರೇ ನಾಟಕದ ಪ್ರೇಕ್ಷಕರಾದ್ದರಿಂದ ಲಾಭ ಎರಡಕ್ಕೂ ಆಯಿತು.

1983ರಿಂದ 1985ರವರೆಗೆ ನಡೆದ ‘ಜನಸ್ಪಂದನ’ ಯೋಜನೆ ಚಿತ್ರಸಮಾಜದ ಚರಿತ್ರೆಯ ಅತ್ಯಂತ ಸಾಹಸದ ಅಧ್ಯಾಯ. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಪ್ರೊಜೆಕ್ಟರ್, ಪರದೆ, ಫಿಲ್ಮಿನ ಡಬ್ಬಿಗಳನ್ನು ಹೊತ್ತ ತಂಡಗಳು ಕರ್ನಾಟಕದ ಹಳ್ಳಿ, ಪಟ್ಟಣಗಳಿಗೆ ಹೋಗಿ ಚಿತ್ರ ತೋರಿಸಿದವು, ರಸಗ್ರಹಣದ ಕಮ್ಮಟಗಳನ್ನು ನಡೆಸಿದವು, ಊರಿನವರಿಗೇ ನಾಟಕ ಕಲಿಸಿ ಆಡಿಸಿದವು. ಹೆಗ್ಗೋಡಿಗೆ ಬರಲು ಬಿಡುವೂ ಬಸ್ ಚಾರ್ಜೂ ಇಲ್ಲದವರಿಗೆ ಹೆಗ್ಗೋಡೇ ಹೋಗಿ ಮುಟ್ಟಿದಂತಾಯಿತು. ಹೊರದೇಶದ ಪ್ರತಿಷ್ಠಾನದ ಹಣ ಸಾಂಸ್ಕೃತಿಕ ಕೆಲಸಕ್ಕೆ ಎಷ್ಟರಮಟ್ಟಿಗೆ ಹಿತ ಎಂಬುದು ಆ ಕಾಲದ ವಿಚಾರವಂತರ ನಡುವೆ ಚರ್ಚೆಯಲ್ಲಿದ್ದ ಪ್ರಶ್ನೆ. ಅಂಥ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡುವುದು ಸಂಸ್ಥೆಗಳಿಗೆ ಒಳ್ಳೆಯದು. ನೆರವು ಒಂದು ಅವಧಿಗೆ ಮಾತ್ರ ಎಂಬ ಎಚ್ಚರವಿದ್ದುದರಿಂದ ಯೋಜನೆ ಮುಗಿದ ಮೇಲೂ ಕೆಲಸ ನಿಲ್ಲಲಿಲ್ಲ.

ಸ್ಥಳೀಯ ಕಲಾವಿದರನ್ನು ಹುಡುಕಿ ಮುಂದೆ ತಂದ ರೀತಿಗೆ ಈ ದಶಕದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸುತ್ತ ಸಿದ್ದಿ ಸಮುದಾಯದವರಿದ್ದಾರೆ. ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ನೈಜೀರಿಯಾದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಗಳೇ ಆಡಿದರು. ಕಾಡಿನ ಕೂಲಿ ಕೆಲಸದಲ್ಲೇ ದಿನ ಸವೆಸುತ್ತಿದ್ದವರು ತಮ್ಮ ಕುಣಿತ, ಹಾಡು, ಮಾತಿನ ಲಯವನ್ನೇ ರಂಗಕ್ಕೆ ತಂದರು. ಊರಿನ ಉಳಿದವರು ಅವರನ್ನು ಕಲಾವಿದರೆಂದು ನೋಡುವಂತಾದದ್ದು ನಾಟಕದ ಯಶಸ್ಸಿಗಿಂತ ಹೆಚ್ಚಿನ ಮಾತು.

1985ರಲ್ಲಿ ‘ತಿರುಗಾಟ’ ಶುರುವಾಯಿತು. ಮಳೆಗಾಲ ಕಳೆದ ಮೇಲೆ ಯಕ್ಷಗಾನ ಮೇಳಗಳು ಊರೂರು ಸುತ್ತುವುದಕ್ಕೆ ಮಲೆನಾಡು, ಕರಾವಳಿಗಳಲ್ಲಿ ಬಳಕೆಯಲ್ಲಿದ್ದ ಹೆಸರೇ ಇದು. ರಂಗಶಿಕ್ಷಣ ಕೇಂದ್ರದಲ್ಲಿ ಕಲಿತ ನಟನಟಿಯರ ತಂಡ ಪ್ರತಿವರ್ಷ ಹೊಸ ನಾಟಕಗಳನ್ನು ಕಟ್ಟಿಕೊಂಡು ರಾಜ್ಯದ ಉದ್ದಗಲಕ್ಕೆ ಹೊರಡುತ್ತದೆ. ಬೆಳಿಗ್ಗೆ ಒಂದು ಊರು ತಲುಪಿದರೆ ಸಾಮಾನು ಇಳಿಸುವವರೂ ಅವರೇ, ಹೈಸ್ಕೂಲು ಮೈದಾನದಲ್ಲೋ ಸಮುದಾಯ ಭವನದಲ್ಲೋ ವೇದಿಕೆ ಸಜ್ಜು ಮಾಡುವವರೂ ಅವರೇ. ಮಧ್ಯಾಹ್ನ ಲೈಟು ಕಟ್ಟಿ, ಸಂಜೆ ಬಣ್ಣ ಹಚ್ಚಿ, ರಾತ್ರಿ ಆಟ ಮುಗಿದ ಮೇಲೆ ಮತ್ತೆ ಎಲ್ಲವನ್ನೂ ಬಿಚ್ಚಿ ಗಾಡಿಗೆ ತುಂಬಬೇಕು. ರಾಜನ ಪಾತ್ರದವನು ಕೇಬಲ್ ಸುತ್ತುತ್ತಿರುವಾಗ ಊರಿನವರು ಬಂದು ನಾಟಕದ ಬಗ್ಗೆ ಕೇಳುತ್ತಾರೆ, ಮೆಚ್ಚದಿದ್ದರೆ ಅದನ್ನೂ ಹೇಳುತ್ತಾರೆ. ಕಲಾವಿದರಿಗೂ ಊರಿಗೂ ನಡುವಿನ ನಿಜವಾದ ಸಂವಾದ ನಡೆಯುವುದು ಹೆಚ್ಚಾಗಿ ಈ ಹೊತ್ತಿನಲ್ಲಿ. ಶೇಕ್ಸ್‌ಪಿಯರ್, ಕಾಳಿದಾಸ, ಬ್ರೆಕ್ಟ್, ಕುವೆಂಪು ಮೊದಲಾದವರ ಕೃತಿಗಳು ಕನ್ನಡದ ಸಣ್ಣ ಊರುಗಳಿಗೆ ಹೋದದ್ದು ಈ ಗಾಡಿಯಲ್ಲಿ. ಸಿನಿಮಾದ ಡಬ್ಬಿ ಹೊತ್ತು ಜನಸ್ಪಂದನ ಸವೆಸಿದ ದಾರಿಯೇ ತಿರುಗಾಟಕ್ಕೆ ಒದಗಿತು. ಪ್ರತಿ ಊರಿನಲ್ಲಿ ಆತಿಥ್ಯ ವಹಿಸಿಕೊಳ್ಳುವ, ಟಿಕೆಟ್ ಮಾರುವ, ಊಟ ಹಾಕುವ ಸ್ಥಳೀಯ ಬಳಗ ಇಲ್ಲದಿದ್ದರೆ ಇದು ಎರಡನೆಯ ವರ್ಷಕ್ಕೂ ಮುಂದುವರಿಯುತ್ತಿರಲಿಲ್ಲ.

1986–2005: ರಸಗ್ರಹಣದಿಂದ ಸಂಸ್ಕೃತಿ ಶಿಬಿರಕ್ಕೆ

1980ರ ದಶಕದ ನಡುವೆ ದೂರದರ್ಶನ ಹಳ್ಳಿಗಳನ್ನು ತಲುಪಿತು, ಹಿಂದೆಯೇ ವಿಡಿಯೊ ಕ್ಯಾಸೆಟ್ಟು ಬಂತು. ಚಲಿಸುವ ಚಿತ್ರ ನೋಡಲು ಸಿಗುವುದೇ ಅಪರೂಪ ಎಂಬ ಸ್ಥಿತಿಯಲ್ಲಿ ಹುಟ್ಟಿದ್ದ ಸಂಸ್ಥೆಗೆ ಈಗ ಇನ್ನೊಂದು ಬಗೆಯ ಸವಾಲು. ಚಿತ್ರ ಮನೆಯೊಳಗೇ ಬಂದಾಗ ಅದನ್ನು ಆಯ್ದು ನೋಡುವ, ನೋಡಿ ಪ್ರಶ್ನಿಸುವ ಅಭ್ಯಾಸ ಬೇಕು. ಹಾಗಾಗಿ ಚಿತ್ರಸಮಾಜದ ಗುರಿ ತೋರಿಸುವುದರಿಂದ ವಿವೇಚಿಸುವುದರ ಕಡೆಗೆ ಇನ್ನಷ್ಟು ಸರಿಯಿತು. ಸಿನಿಮಾವನ್ನು ಸಿನಿಮಾದೊಳಗೇ ಇಟ್ಟು ನೋಡುವುದು ಸಾಲದೆಂಬುದು ಸ್ಪಷ್ಟವಾಗುತ್ತ ಬಂದಂತೆ, 1990ರ ಆಸುಪಾಸಿಗೆ ರಸಗ್ರಹಣ ಶಿಬಿರವೇ ಅಗಲವಾಗಿ ‘ಸಂಸ್ಕೃತಿ ಶಿಬಿರ’ವಾಯಿತು. ಸಾಹಿತ್ಯ, ರಂಗಭೂಮಿ, ಸಂಗೀತ, ಸಮಾಜಶಾಸ್ತ್ರ, ರಾಜಕೀಯ ಚಿಂತನೆಗಳೆಲ್ಲ ಅದರೊಳಗೆ ಬಂದವು. ಸಿನಿಮಾದ ಪಾಲು ಕಡಿಮೆಯಾಯಿತೆಂಬ ಕೊರಗು ಹಳೆಯ ಸದಸ್ಯರಲ್ಲಿ ಕೆಲವರಿಗೆ ಇದ್ದಿರಬಹುದು. ಆದರೆ ಹೊಸ ಶಿಬಿರ ಉಳಿಸಿಕೊಂಡದ್ದು ಚಿತ್ರಸಮಾಜದ ಕ್ರಮವನ್ನೇ: ಮೊದಲು ಒಂದು ಕೃತಿಯನ್ನು ಎಲ್ಲರೂ ಒಟ್ಟಿಗೆ ನೋಡುವುದು ಅಥವಾ ಓದುವುದು, ಆಮೇಲೆ ಬಲ್ಲವರ ಮಾತು, ಆಮೇಲೆ ಎಲ್ಲರ ಮಾತು.

ಅಕ್ಟೋಬರ್ ತಿಂಗಳ ಈ ಶಿಬಿರಕ್ಕೆ ಯು.ಆರ್. ಅನಂತಮೂರ್ತಿಯವರು ವರ್ಷ ವರ್ಷವೂ ಬರುತ್ತಿದ್ದರು. ಬಂಗಾಳದ ವಿಮರ್ಶಕ ಶಮೀಕ್ ಬಂದ್ಯೋಪಾಧ್ಯಾಯ, ಸಾಗರದವರೇ ಆದ ವಿಮರ್ಶಕ ಟಿ.ಪಿ. ಅಶೋಕ ಮೊದಲಾದವರು ಅದರ ಸಂಪನ್ಮೂಲ ವ್ಯಕ್ತಿಗಳಾಗಿ ದುಡಿದರು. ಗಿರೀಶ ಕಾಸರವಳ್ಳಿಯವರಂಥ ನಿರ್ದೇಶಕರು ತಮ್ಮ ಚಿತ್ರಗಳ ಪ್ರೇಕ್ಷಕರನ್ನು ಮುಖಾಮುಖಿ ಕಂಡರು. ಹಗಲಿಡೀ ಗೋಷ್ಠಿ, ಸಂಜೆ ತಿರುಗಾಟದ ಹೊಸ ನಾಟಕ, ಮಾರನೆಯ ಬೆಳಿಗ್ಗೆ ಆ ನಾಟಕದ ಬಗ್ಗೆಯೇ ಚರ್ಚೆ. ಹಿಂದಿನ ರಾತ್ರಿ ರಂಗದ ಮೇಲಿದ್ದವರು ಬೆಳಿಗ್ಗೆ ಸಭೆಯ ನಡುವೆ ಕೂತು ತಮ್ಮ ಬಗ್ಗೆ ಆಡಿದ ಒಳ್ಳೆಯ ಮಾತು, ಬಿರುಸಿನ ಮಾತು ಎರಡನ್ನೂ ಕೇಳುತ್ತಾರೆ. ಹೆಸರಾಂತ ವಿದ್ವಾಂಸರು ಮತ್ತು ಮೊದಲ ಸಲ ಶಿಬಿರಕ್ಕೆ ಬಂದ ಕಾಲೇಜು ಹುಡುಗಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವ ವ್ಯವಸ್ಥೆಯಿಂದ ಗೋಷ್ಠಿಯಲ್ಲಿ ಕೇಳಲಾಗದೆ ಉಳಿದ ಪ್ರಶ್ನೆಗೆ ಎಲೆಯ ಮುಂದೆ ಉತ್ತರ ಸಿಗುತ್ತಿತ್ತು.

ಇದೇ ಅವಧಿಯಲ್ಲಿ ನೀನಾಸಂ ‘ಮಾತುಕತೆ’ ಎಂಬ ತ್ರೈಮಾಸಿಕವನ್ನು ಹೊರತರಲು ಆರಂಭಿಸಿತು. ಸಂಸ್ಥೆಯ ಸುದ್ದಿಯ ಜೊತೆಗೆ ಶಿಬಿರದ ಉಪನ್ಯಾಸಗಳು, ಅನುವಾದಗಳು, ಚರ್ಚೆಗಳು ತೆಳ್ಳನೆಯ ಆ ಪತ್ರಿಕೆಯಲ್ಲಿ ಅಚ್ಚಾಗಿ ಅಂಚೆಯಲ್ಲಿ ಮನೆ ಸೇರಿದವು. ಶಿಬಿರಕ್ಕೆ ಬಂದು ಹೋದವರಿಗೆ ವರ್ಷವಿಡೀ ನಂಟು ಉಳಿಯಲು ಅದೇ ಕೊಂಡಿ.

1990ರಲ್ಲಿ ರಂಗವಿಮರ್ಶಕ ರುಸ್ತುಂ ಭರೂಚ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ನೀನಾಸಂ ಬಗ್ಗೆ ದೀರ್ಘ ಲೇಖನ ಬರೆದು ಅದನ್ನೊಂದು ಸಾಂಸ್ಕೃತಿಕ ಪರ್ಯಾಯವೆಂದು ಗುರುತಿಸಿದರು. ಮರುವರ್ಷ, 1991ರಲ್ಲಿ, ಸುಬ್ಬಣ್ಣನವರಿಗೆ ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಊರು ಅದನ್ನು ತನ್ನದೇ ಪ್ರಶಸ್ತಿಯೆಂದು ಸಂಭ್ರಮಿಸಿತು. ಹೆಸರು ದೊಡ್ಡದಾದಂತೆ ಎಲ್ಲವೂ ಹೆಗ್ಗೋಡಿನಲ್ಲೇ ನಡೆಯಬೇಕು ಎಂಬ ನಿರೀಕ್ಷೆಯೂ ಬೆಳೆಯುತ್ತಿತ್ತು. ಕೆಲಸವನ್ನು ಬೇರೆ ಊರುಗಳಿಗೂ ಹಂಚಿಹಾಕುವ ಸಲುವಾಗಿ 1993ರಲ್ಲಿ ನೀನಾಸಂ ಪ್ರತಿಷ್ಠಾನ ಸ್ಥಾಪನೆಯಾಯಿತು. ಇತರ ಊರುಗಳ ಶಾಲೆ, ಕಾಲೇಜು, ಸಂಘಗಳ ಜೊತೆ ಸೇರಿ ಸಾಹಿತ್ಯ ಮತ್ತು ಸಿನಿಮಾ ರಸಗ್ರಹಣದ ಕಮ್ಮಟಗಳನ್ನು ನಡೆಸುವುದು ಅದರ ಮುಖ್ಯ ಕೆಲಸಗಳಲ್ಲಿ ಸೇರಿತು. ಜನಸ್ಪಂದನದ ಆಶಯ ಹೀಗೆ ಬೇರೆ ರೂಪದಲ್ಲಿ ಮುಂದುವರಿಯಿತು.

ಸುಬ್ಬಣ್ಣನವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಗೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2005ರ ಜುಲೈ 16ರಂದು ಅವರು ತೀರಿಕೊಂಡರು.

2005ರ ನಂತರ

ಕಟ್ಟಿದವರು ಹೋದ ಮೇಲೆ ಸಂಸ್ಥೆ ನಿಲ್ಲುತ್ತದೆಯೇ ಎಂಬ ಆತಂಕ ಇಂಥ ಎಲ್ಲ ಸಂಘಗಳಿಗೂ ಇರುವುದೇ. ಇಲ್ಲಿ ಅದು ನಿಜವಾಗಲಿಲ್ಲ. ರಾಷ್ಟ್ರೀಯ ನಾಟಕ ಶಾಲೆ ಮತ್ತು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಗಳಲ್ಲಿ ಅಭ್ಯಾಸ ಮಾಡಿ ಬಂದ ನಾಟಕಕಾರ, ನಿರ್ದೇಶಕ ಕೆ.ವಿ. ಅಕ್ಷರ ಆ ವೇಳೆಗಾಗಲೇ ಎರಡು ದಶಕಗಳಿಂದ ಕೆಲಸದಲ್ಲಿದ್ದರು. ಅದಕ್ಕಿಂತ ಮುಖ್ಯವಾಗಿ, ಲೆಕ್ಕ ಬರೆಯುವುದರಿಂದ ಹಿಡಿದು ಅಡುಗೆಯ ಮೇಲ್ವಿಚಾರಣೆವರೆಗೆ ಊರಿನವರು ಹಂಚಿಕೊಂಡು ಮಾಡುವ ರೂಢಿ ಗಟ್ಟಿಯಾಗಿತ್ತು. ಕಾರ್ಯಕ್ರಮಗಳ ಸ್ವರೂಪದ ಬಗ್ಗೆ, ಯಾರನ್ನು ಕರೆಯಬೇಕು, ಎಷ್ಟು ಬೆಳೆಯಬೇಕು ಎಂಬ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿಗೆ ಸಭೆಯಲ್ಲಿ ಜಾಗವಿತ್ತು. ಚರ್ಚೆಯನ್ನೇ ಕಸುಬು ಮಾಡಿಕೊಂಡ ಸಂಸ್ಥೆಗೆ ಒಳಗಿನ ಚರ್ಚೆ ಹೊರೆಯಾಗಲಿಲ್ಲ.

ಈ ಅವಧಿಯ ಗಮನಾರ್ಹ ಬೆಳವಣಿಗೆ ಸಿನಿಮಾಕ್ಕೂ ಹೆಗ್ಗೋಡಿಗೂ ನಡುವಿನ ಸಂಬಂಧ ಇನ್ನೊಂದು ಕಡೆಗೂ ಹರಿದದ್ದು. ಮೊದಲು ಹೊರಗಿನ ಚಿತ್ರಗಳು ಹೆಗ್ಗೋಡಿಗೆ ಬರುತ್ತಿದ್ದವು. ಈಗ ಹೆಗ್ಗೋಡಿನಲ್ಲಿ ಕಲಿತವರು ಚಿತ್ರರಂಗಕ್ಕೆ ಹೋದರು. ಮಂಡ್ಯ ರಮೇಶ್, ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಕನ್ನಡ ಪ್ರೇಕ್ಷಕರಿಗೆ ಪರಿಚಿತ ಮುಖಗಳು. ಕೊನೆಯವರು ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದಾರೆ. ಅಚ್ಯುತ್ ಕುಮಾರ್ ಅವರಂಥ ನಟರು ಮಾಮೂಲಿ ಚಿತ್ರದ ಸಣ್ಣ ಪಾತ್ರಕ್ಕೂ ತರುವ ಹದ, ಮಾತಿನ ಸ್ಪಷ್ಟತೆ ತಿರುಗಾಟದ ನೂರಾರು ರಾತ್ರಿಗಳಲ್ಲಿ ಪಳಗುವಂಥದ್ದು. ಮಂಡ್ಯ ರಮೇಶ್ ಮೈಸೂರಿನಲ್ಲಿ ‘ನಟನ’ ಎಂಬ ಸ್ವಂತ ರಂಗಶಾಲೆಯನ್ನೂ ಕಟ್ಟಿದ್ದಾರೆ. ಕಲಿತವರಲ್ಲಿ ಹೆಚ್ಚಿನವರು ಇಷ್ಟು ಹೆಸರು ಮಾಡಿದವರಲ್ಲ. ತಮ್ಮ ಜಿಲ್ಲೆಗಳಿಗೆ ಮರಳಿ ಶಾಲೆಗಳಲ್ಲಿ ರಂಗಶಿಕ್ಷಕರಾಗಿ, ಊರಿನ ತಂಡಗಳ ನಿರ್ದೇಶಕರಾಗಿ ಕೆಲಸ ಮಾಡುತ್ತಿರುವವರ ಮೂಲಕವೇ ನೀನಾಸಂ ರಾಜ್ಯದ ಮೂಲೆಮೂಲೆಯಲ್ಲಿದೆ.

16 ಎಂ.ಎಂ. ಯಂತ್ರಗಳ ಕಾಲ ಮುಗಿದು ಡಿಜಿಟಲ್ ಪ್ರೊಜೆಕ್ಟರ್ ಬಂದಿದೆ. ಜಗತ್ತಿನ ಯಾವ ಚಿತ್ರವಾದರೂ ಕೈಯಲ್ಲಿರುವ ಫೋನಿಗೆ ಸಿಗುವ ಕಾಲದಲ್ಲಿ ಚಿತ್ರಸಮಾಜದ ಕೆಲಸ ಆಯ್ಕೆ ಮಾಡಿ ತೋರಿಸುವುದು, ಪರಿಚಯ ಹೇಳುವುದು ಮತ್ತು ಮಾತಿಗೆ ಕೂರಿಸುವುದು. ಶಿವರಾಮ ಕಾರಂತ ರಂಗಮಂದಿರ, ರಂಗಶಿಕ್ಷಣ ಕೇಂದ್ರದ ತರಗತಿಗಳು, ಗ್ರಂಥಾಲಯ, ವಿದ್ಯಾರ್ಥಿ ನಿಲಯ, ಅತಿಥಿಗೃಹಗಳು ಸೇರಿ ಇಂದಿನ ಆವರಣ ರೂಪುಗೊಂಡಿದೆ. ರಂಗಶಿಕ್ಷಣದ ಡಿಪ್ಲೊಮಾ ತರಗತಿ, ‘ಮಾತುಕತೆ’ ಪತ್ರಿಕೆ, ಅಕ್ಟೋಬರಿನ ಶಿಬಿರ, ಅದರ ಬೆನ್ನಿಗೆ ಹೊರಡುವ ತಿರುಗಾಟ ಇವು ನೀನಾಸಂನ ವರ್ಷದ ಕ್ರಮವಾಗಿ ನೆಲೆಗೊಂಡಿವೆ. ವಿದ್ಯಾರ್ಥಿಗಳಿಗಾಗಿ ಮತ್ತು ಊರಿನವರಿಗಾಗಿ ಚಿತ್ರಪ್ರದರ್ಶನಗಳೂ ಈ ಕ್ರಮದ ಭಾಗವಾಗಿ ನಡೆದು ಬಂದಿವೆ.